25 ಸಾವಿರದೊಳಗೆ ಒಂದು ಟಿವಿ: 32, 43, 55 ಇಂಚಿನಲ್ಲಿ ಯಾವುದು?

ಅಮ್ಮನ ಮನೆಯ ಟಿವಿಯಲ್ಲಿ ಮೊದಲು ಕಂಡಿದ್ದು ಒಂದೇ ಒಂದು ಹಸಿರು ಗೆರೆ. ಮೇಲಿಂದ ಕೆಳಗಿನವರೆಗೆ, ದಾರ ಎಳೆದ ಹಾಗೆ. ತಿಂಗಳು ಕಳೆಯುವಷ್ಟರಲ್ಲಿ ಅದು ನಾಲ್ಕು ಗೆರೆಯಾಯಿತು. ಆಮೇಲೆ ಅರ್ಧ ಪರದೆಯೇ ಕಪ್ಪಾಯಿತು. ಟಿವಿ ತಂದು ಹದಿನಾಲ್ಕು ತಿಂಗಳಾಗಿತ್ತು ಅಷ್ಟೇ. ವಾರಂಟಿ ಇದ್ದದ್ದು ಒಂದು ವರ್ಷ. ಹಬ್ಬದ ಆಫರ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಆನ್‌ಲೈನ್‌ನಲ್ಲಿ ತರಿಸಿಕೊಟ್ಟವಳು ನಾನೇ. ಕಂಪನಿಗೆ ಫೋನ್ ಮಾಡಿದರೆ "ನಿಮ್ಮ ಪಿನ್‌ಕೋಡ್‌ಗೆ ಸರ್ವಿಸ್ ಇಲ್ಲ ಮೇಡಂ" ಅಂದರು. ಊರಿನ ಮೆಕ್ಯಾನಿಕ್ ಬಂದು ಹಿಂದಿನ ಕವರ್ ಬಿಚ್ಚಿ ನೋಡಿದ. "ಪ್ಯಾನೆಲ್, ಅಂದ್ರೆ ಪರದೆನೇ ಹೋಗಿದೆ ಅಕ್ಕ. ಇದನ್ನ ಹಾಕಿಸೋ ದುಡ್ಡಿಗೆ ಸ್ವಲ್ಪ ಸೇರಿಸಿದ್ರೆ ಹೊಸ ಟಿವಿನೇ ಬರುತ್ತೆ" ಅಂದ.

ಹಾಗಾಗಿ ಈ ಸಲ ಅವಸರ ಮಾಡಲಿಲ್ಲ. ಬಜೆಟ್ 25,000 ರೂಪಾಯಿ. ಸ್ಪೈಕ್ ಗಾರ್ಡ್, ಫಿಟ್ಟಿಂಗ್ ಎಲ್ಲ ಅದರಲ್ಲೇ ಆಗಬೇಕು. ಶಿವಮೊಗ್ಗದ ದುರ್ಗಿಗುಡಿ, ನೆಹರೂ ರಸ್ತೆಯ ಅಂಗಡಿಗಳನ್ನು ಎರಡು ಶನಿವಾರ ಸುತ್ತಿದೆ. ನಿಮ್ಮ ಬಜೆಟ್ ಕೂಡ ಇದರ ಆಸುಪಾಸಿನಲ್ಲೇ ಇದ್ದರೆ, ನಾನು ನೋಡಿ ತಿಳಿದುಕೊಂಡಿದ್ದು ನಿಮಗೂ ಉಪಯೋಗಕ್ಕೆ ಬರಬಹುದು.

ಈ ದುಡ್ಡಿಗೆ ನಮ್ಮ ಮುಂದಿರುವ ದಾರಿ ನಾಲ್ಕು. ಹೆಸರಿರುವ ಕಂಪನಿಯ 32 ಇಂಚಿನದು, ಸುಮಾರು 11ರಿಂದ 15 ಸಾವಿರ. 43 ಇಂಚಿನ ಫುಲ್ ಎಚ್‌ಡಿ, 17ರಿಂದ 21 ಸಾವಿರ. 43 ಇಂಚಿನ 4ಕೆ, 20ರಿಂದ 27 ಸಾವಿರ. ಕೊನೆಯದು, ಹೆಸರೇ ಕೇಳಿರದ ಕಂಪನಿಯ 50 ಅಥವಾ 55 ಇಂಚಿನದು. ಅದೂ 25 ಸಾವಿರದ ಸುತ್ತಮುತ್ತ ಸಿಗುತ್ತದೆ. ಇವು ನಾನು ಅಂಗಡಿಗಳಲ್ಲಿ ಕೇಳಿದ ಬೆಲೆ. ಹಬ್ಬದ ಸೇಲ್‌ನಲ್ಲಿ ಒಂದೆರಡು ಸಾವಿರ ಆಚೀಚೆ ಆಗುತ್ತದೆ. ಓಎಲ್‌ಇಡಿ, ಮಿನಿ ಎಲ್‌ಇಡಿ ಅನ್ನೋ ದುಬಾರಿ ಪರದೆಗಳು ಈ ದುಡ್ಡಿಗೆ ಬರುವುದಿಲ್ಲ, ಅವನ್ನು ಬಿಟ್ಟೇಬಿಡೋಣ.

ಮೊದಲು ಗೋಡೆಗೆ ಪೇಪರ್ ಅಂಟಿಸಿ

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಕೆಲಸ ಮಾಡಿ. ಹಳೇ ನ್ಯೂಸ್‌ಪೇಪರ್ ಜೋಡಿಸಿ, ಟಿವಿ ಬರುವ ಅಳತೆಗೆ ಕತ್ತರಿಸಿ, ಗೋಡೆಗೆ ಅಂಟಿಸಿ. 32 ಇಂಚು ಅಂದರೆ ಅಗಲ 71 ಸೆಂ.ಮೀ., ಎತ್ತರ 40. 43 ಇಂಚಿಗೆ ಅಗಲ 95, ಎತ್ತರ 54. 55 ಇಂಚಿಗೆ ಅಗಲ 122, ಎತ್ತರ 68. ಇದು ಪರದೆಯ ಅಳತೆ ಮಾತ್ರ, ಸುತ್ತಲಿನ ಅಂಚು ಇನ್ನೊಂದು ಸೆಂ.ಮೀ. ಸೇರುತ್ತದೆ. ಹೊಲಿಗೆ ಟೇಪ್ ಹಿಡಿದು ಅಳೆದರೆ ಸಾಕು. ಆಮೇಲೆ ಎಲ್ಲರೂ ದಿನಾ ಕೂರುವ ಜಾಗದಲ್ಲಿ ಕೂತು ನೋಡಿ.

32ಕ್ಕೂ 43ಕ್ಕೂ ಬರೀ 11 ಇಂಚು ವ್ಯತ್ಯಾಸ ಅನಿಸುತ್ತದೆ ಅಲ್ವಾ? ಆದರೆ ಟಿವಿಯ ಇಂಚನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. ಪರದೆಯ ಜಾಗ ಲೆಕ್ಕ ಹಾಕಿದರೆ 43 ಇಂಚಿನದು 32ಕ್ಕಿಂತ 1.8 ಪಟ್ಟು ದೊಡ್ಡದು. ಪೇಪರ್ ಅಂಟಿಸಿದಾಗಲೇ ನನಗೆ ಇದು ಸರಿಯಾಗಿ ಗೊತ್ತಾಗಿದ್ದು. ಅಮ್ಮನ ಮನೆಯ ಜಗಲಿಯಲ್ಲಿ ಸೋಫಾದಿಂದ ಗೋಡೆಗೆ ಒಂಬತ್ತು ಅಡಿ. ಅಲ್ಲಿಂದ 32 ಇಂಚಿನ ಪೇಪರ್ ಕ್ಯಾಲೆಂಡರ್ ಥರ ಕಾಣುತ್ತಿತ್ತು. ಸುದ್ದಿಯ ಕೆಳಗೆ ಓಡುವ ಅಕ್ಷರವನ್ನು ಅಮ್ಮ ಕಣ್ಣು ಕಿರಿದು ಮಾಡಿಯೇ ಓದಬೇಕು.

ಹಾಗಂತ 32 ಇಂಚು ಬೇಡವೇ ಬೇಡ ಅಂತಲ್ಲ. ಬೆಂಗಳೂರಿನ ಒಂದು ರೂಮಿನ ಬಾಡಿಗೆ ಮನೆ, ಮಂಚದಿಂದ ಟಿವಿಗೆ ಐದಾರು ಅಡಿ ಇದ್ದರೆ ಅದು ಸರಿಯಾದ ಆಯ್ಕೆಯೇ. ಮನೆ ಬದಲಿಸುವಾಗ ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋಗಬಹುದು. 12 ಸಾವಿರವೇ ನಿಮ್ಮ ಮಿತಿಯಾದರೆ, ಹೆಸರಿಲ್ಲದ ಕಂಪನಿಯ 43 ಇಂಚಿಗೆ ಹೋಗಬೇಡಿ. ಹೆಸರಿರುವ ಕಂಪನಿಯ 32 ಇಂಚನ್ನೇ ತನ್ನಿ.

4ಕೆ ನಿಜವಾಗಿ ಬೇಕಾ?

ಅಂಗಡಿಯಲ್ಲಿ 4ಕೆ ಟಿವಿಗೆ 4ಕೆ ವಿಡಿಯೋನೇ ಹಾಕಿಟ್ಟಿರುತ್ತಾರೆ. ನವಿಲುಗರಿಯ ಒಂದೊಂದು ಎಳೆಯೂ ಕಾಣುತ್ತದೆ. ಆದರೆ ಮನೆಯಲ್ಲಿ ನಾವು ನೋಡೋದು ನವಿಲುಗರಿ ಅಲ್ಲ. ಸಂಜೆ ಆರೂವರೆಯಿಂದ ಹತ್ತರವರೆಗೆ ಸೀರಿಯಲ್, ಮಧ್ಯೆ ಸುದ್ದಿ, ರಜೆಯಲ್ಲಿ ಬಂದ ಮಕ್ಕಳಿಗೆ ಯೂಟ್ಯೂಬ್.

ಇಲ್ಲಿ ಒಂದು ಲೆಕ್ಕ ತಿಳಿದುಕೊಂಡರೆ ತುಂಬಾ ಗೊಂದಲ ಕಳೆಯುತ್ತದೆ. ಮಾಮೂಲಿ ಕೇಬಲ್ ಅಥವಾ ಡಿಶ್‌ನಲ್ಲಿ ಬರುವ ಎಸ್‌ಡಿ ಚಾನೆಲ್‌ನ ಚಿತ್ರದಲ್ಲಿ ಹೆಚ್ಚೆಂದರೆ ಸುಮಾರು 4 ಲಕ್ಷ ಚುಕ್ಕಿಗಳು (ಪಿಕ್ಸೆಲ್) ಇರುತ್ತವೆ. ಫುಲ್ ಎಚ್‌ಡಿ ಪರದೆಯಲ್ಲಿ ಇರುವುದು ಸುಮಾರು 20 ಲಕ್ಷ ಚುಕ್ಕಿ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಅಂದರೆ ಬಂದ ಒಂದು ಚುಕ್ಕಿಯನ್ನು 4ಕೆ ಟಿವಿ ಇಪ್ಪತ್ತು ಚುಕ್ಕಿ ಮಾಡಿ ತೋರಿಸಬೇಕು. ಉಳಿದ ಹತ್ತೊಂಬತ್ತನ್ನು ಅದು ಅಂದಾಜಿನ ಮೇಲೆ ತುಂಬುತ್ತದೆ. ಒಳ್ಳೆ ಪ್ರೊಸೆಸರ್ ಇದ್ದರೆ ಚೆನ್ನಾಗಿ ತುಂಬುತ್ತದೆ. ಅಗ್ಗದ್ದಾದರೆ ಮುಖಗಳೆಲ್ಲ ಮೇಣದ ಬೊಂಬೆಯ ಹಾಗೆ, ಅಕ್ಷರದ ಸುತ್ತ ಜೊಂಪೆ ಜೊಂಪೆ ಮಸುಕು. "ಹೊಸ ಟಿವಿ ತಂದಮೇಲೆ ಚಿತ್ರ ಹಳೇದಕ್ಕಿಂತ ಕೆಟ್ಟದಾಗಿದೆ" ಅಂತ ಎಷ್ಟೋ ಮನೆಯವರು ಹೇಳುವುದು ಇದಕ್ಕೇ. 55 ಇಂಚಿನಲ್ಲಿ ಈ ಮಸುಕು ಇನ್ನೂ ದೊಡ್ಡದಾಗಿ ಕಾಣುತ್ತದೆ.

ಇದಕ್ಕೆ ಕಡಿಮೆ ಖರ್ಚಿನ ಪರಿಹಾರ ಟಿವಿಯಲ್ಲಿಲ್ಲ, ಸೆಟ್‌ಟಾಪ್ ಬಾಕ್ಸ್‌ನಲ್ಲಿದೆ. ಝೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ ಇವಕ್ಕೆಲ್ಲ ಎಚ್‌ಡಿ ಚಾನೆಲ್ ಇದೆ. ನಿಮ್ಮದು ಹಳೇ ಎಸ್‌ಡಿ ಬಾಕ್ಸ್ ಆಗಿದ್ದರೆ ಎಚ್‌ಡಿ ಬಾಕ್ಸ್ ಹಾಕಿಸಿಕೊಂಡು, ಮನೆಯವರು ದಿನಾ ನೋಡುವ ಒಂದೆರಡು ಚಾನೆಲ್ ಮಾತ್ರ ಎಚ್‌ಡಿ ತೆಗೆದುಕೊಳ್ಳಿ. ಬಾಕ್ಸ್‌ನಿಂದ ಟಿವಿಗೆ ಎಚ್‌ಡಿಎಂಐ ವೈರ್ ಹಾಕಿ. ಹಳದಿ-ಕೆಂಪು-ಬಿಳಿ ಪಿನ್ನಿನ ವೈರ್‌ನಲ್ಲೇ ಬಿಟ್ಟರೆ ಎಚ್‌ಡಿ ದುಡ್ಡು ಕೊಟ್ಟರೂ ಎಸ್‌ಡಿ ಚಿತ್ರವೇ ಬರುತ್ತದೆ. ಚಂದನ ನೋಡುತ್ತಾ, ತಿಂಗಳ ಖರ್ಚಿಲ್ಲದ ಡಿಡಿ ಫ್ರೀ ಡಿಶ್‌ನಲ್ಲೇ ಇರುವವರು 4ಕೆಗೆ ಅಂತ ಹೆಚ್ಚು ದುಡ್ಡು ಕೊಡುವ ಅಗತ್ಯವೇ ಇಲ್ಲ.

ಇಂಟರ್ನೆಟ್‌ನಲ್ಲಿ ನೋಡುವವರ ಲೆಕ್ಕ ಬೇರೆ. ನೆಟ್‌ಫ್ಲಿಕ್ಸ್‌ನವರೇ ಹೇಳುವ ಹಾಗೆ ಒಂದು ಗಂಟೆ 4ಕೆ ನೋಡಿದರೆ 7 ಜಿಬಿವರೆಗೆ ಡೇಟಾ ಹೋಗುತ್ತದೆ, ಎಚ್‌ಡಿ ನೋಡಿದರೆ 3 ಜಿಬಿವರೆಗೆ. ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ಪ್ಯಾಕ್‌ನ ಹಾಟ್‌ಸ್ಪಾಟ್ ಹಾಕಿಕೊಂಡು ನೋಡುವ ಮನೆಗೆ ಇದು ಆಗುವ ಮಾತಲ್ಲ. ಮನೆಗೆ ಫೈಬರ್ ಬಂದಿದ್ದರೆ ಸರಿ. ಆದರೂ ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಸಿಗುವುದು ಎಲ್ಲಕ್ಕಿಂತ ದುಬಾರಿ ಪ್ಲಾನ್‌ನಲ್ಲಿ ಮಾತ್ರ. ಪುಕ್ಕಟೆ 4ಕೆ ಬೇಕೆಂದರೆ ಯೂಟ್ಯೂಬ್ ಇದೆ.

ಇನ್ನೊಂದು ವಿಷಯ ದೂರದ್ದು. 43 ಇಂಚಿನ ಪರದೆಯನ್ನು ಆರು ಅಡಿಗಿಂತ ಹಿಂದೆ ಕೂತು ನೋಡಿದರೆ ಫುಲ್ ಎಚ್‌ಡಿಗೂ 4ಕೆಗೂ ಚುಕ್ಕಿಯ ವ್ಯತ್ಯಾಸ ನಮ್ಮ ಕಣ್ಣಿಗೆ ಗೊತ್ತಾಗುವುದೇ ಕಷ್ಟ. ಹಾಗಾದರೆ 43 ಫುಲ್ ಎಚ್‌ಡಿ ತಗೊಂಡು ಮೂರು ಸಾವಿರ ಉಳಿಸಬಹುದಲ್ಲ ಅಂತ ನಾನೂ ಅಂದುಕೊಂಡೆ. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಅಭಿಪ್ರಾಯ ಬದಲಾಯಿತು. 43 ಇಂಚಿನಲ್ಲಿ ಈಗ ಕಂಪನಿಗಳ ಗಮನವೆಲ್ಲ 4ಕೆ ಮೇಲೆ. ಫುಲ್ ಎಚ್‌ಡಿ ಮಾಡೆಲ್‌ಗಳಿಗೆ ಕಡಿಮೆ ಬೆಳಕಿನ ಪ್ಯಾನೆಲ್, ಕಡಿಮೆ ರ‍್ಯಾಮ್, ನಿಧಾನದ ಪ್ರೊಸೆಸರ್ ಹಾಕಿ ಮುಗಿಸಿರುತ್ತಾರೆ. ನಾನು ನೋಡಿದ ಮೂರು ಜೋಡಿಯಲ್ಲಿ ಮೂರರಲ್ಲೂ ಹಾಗೇ ಇತ್ತು. ಆ ಮೂರು ಸಾವಿರ ಹೋಗುವುದು ಚುಕ್ಕಿಗಲ್ಲ, ಅದರ ಜೊತೆ ಬರುವ ಉಳಿದ ಸಾಮಾನಿಗೆ. ಅಷ್ಟು ಹಾಕಲು ಆಗುವುದಾದರೆ ಹಾಕಿ.

ಪೆನ್‌ಡ್ರೈವ್‌ನಲ್ಲಿ ಯಕ್ಷಗಾನ

ಟಿವಿಯ ಬೆಲೆಯಲ್ಲಿ ದೊಡ್ಡ ಪಾಲು ಪ್ಯಾನೆಲ್‌ನದು. ಹಾಳಾದರೆ ಬದಲಿಸಲು ಹೆಚ್ಚುಕಡಿಮೆ ಹೊಸ ಟಿವಿಯಷ್ಟೇ ದುಡ್ಡು ಬೇಕಾಗೋದೂ ಅದಕ್ಕೇ. ಆದ್ದರಿಂದ ನೋಡಬೇಕಾದ್ದು ಅದನ್ನೇ, ರಟ್ಟಿನ ಡಬ್ಬದ ಮೇಲಿನ ಪದಗಳನ್ನಲ್ಲ.

ನಾನು ಪೆನ್‌ಡ್ರೈವ್‌ನಲ್ಲಿ ಎರಡು ಸಾಮಾನು ಹಾಕಿಕೊಂಡು ಹೋಗಿದ್ದೆ. ಒಂದು, ನಮ್ಮೂರ ಬಯಲಾಟದಲ್ಲಿ ಫೋನಿನಲ್ಲಿ ತೆಗೆದ ಯಕ್ಷಗಾನದ ವಿಡಿಯೋ. ಇನ್ನೊಂದು, ಅಮ್ಮ-ಅಜ್ಜಿ ಅಂಗಳದಲ್ಲಿ ಕೂತ ಫೋಟೋ. ಯಕ್ಷಗಾನ ಯಾಕೆ ಅಂದರೆ, ಹಿಂದೆ ರಾತ್ರಿಯ ಕತ್ತಲು, ಮುಂದೆ ಕೆಂಪು, ಹಸಿರು, ಚಿನ್ನದ ಬಣ್ಣ, ಮೇಲೆ ಬಿಳಿ ದೀಪ. ಟಿವಿಯ ಎಲ್ಲ ದೌರ್ಬಲ್ಯವೂ ಒಂದೇ ನಿಮಿಷದಲ್ಲಿ ಹೊರಗೆ ಬರುತ್ತದೆ. ಒಂದು ಟಿವಿಯಲ್ಲಿ ಹಿಂದಿನ ಕತ್ತಲು ಬೂದಿ ನೀಲಿಯಾಯಿತು, ನಾಲ್ಕು ಮೂಲೆಯಲ್ಲೂ ಟಾರ್ಚ್ ಬಿಟ್ಟ ಹಾಗೆ ಬೆಳಕು ಸೋರುತ್ತಿತ್ತು. ಇನ್ನೊಂದರಲ್ಲಿ ವೇಷದ ಕೆಂಪು ಒಂದೇ ಮುದ್ದೆಯಾಗಿ ಮುಖದ ಗೆರೆಗಳೇ ಮಾಯ. ಅಂಗಡಿ ಹುಡುಗನಿಗೆ ಹೇಳಿ ಪಿಕ್ಚರ್ ಮೋಡನ್ನು ವಿವಿಡ್‌ನಿಂದ ಸ್ಟ್ಯಾಂಡರ್ಡ್‌ಗೆ ಬದಲಿಸಿದ ಮೇಲೆ ಗೆರೆಗಳು ಬಂದವು. ಅಂಗಡಿಯಲ್ಲಿ ಎಲ್ಲ ಟಿವಿಯನ್ನೂ ಅತಿ ಬೆಳಕಿನ ಮೋಡ್‌ನಲ್ಲೇ ಇಟ್ಟಿರುತ್ತಾರೆ. ಅದನ್ನು ಬದಲಿಸದೆ ಹೋಲಿಕೆ ಮಾಡಿದರೆ ಪ್ರಯೋಜನವಿಲ್ಲ.

ಅದೇ ವಿಡಿಯೋದಲ್ಲಿ ಸೌಂಡ್ ಕೂಡ ಗೊತ್ತಾಗುತ್ತದೆ. ಚಂಡೆ ಬಾರಿಸುತ್ತಿರುವಾಗಲೂ ಭಾಗವತರ ಪದ ಬಿಡಿಬಿಡಿಯಾಗಿ ಕೇಳಬೇಕು. ಈ ಬೆಲೆಯ ಟಿವಿಗಳಲ್ಲಿ ಸ್ಪೀಕರ್ ಕೆಳಮುಖವಾಗಿರುತ್ತದೆ. 20 ವ್ಯಾಟ್, 30 ವ್ಯಾಟ್ ಅಂತ ಬರೆದಿದ್ದರೂ ಮಾತು ಡಬ್ಬದೊಳಗಿಂದ ಬಂದ ಹಾಗೆ ಕೇಳುವುದುಂಟು. ಮನೆಯಲ್ಲಿ ಹಳೇ ಹೋಮ್ ಥಿಯೇಟರ್ ಇದ್ದರೆ, ಅದಕ್ಕೆ ಹೊಂದುವ ತೂತು ಹೊಸ ಟಿವಿಯಲ್ಲಿ ಇದೆಯಾ ಅಂತ ಕೇಳಿಕೊಳ್ಳಿ.

ಪ್ಯಾನೆಲ್‌ನಲ್ಲಿ ಮುಖ್ಯವಾಗಿ ಎರಡು ಜಾತಿ, ವಿಎ ಮತ್ತು ಐಪಿಎಸ್. ವಿಎಯಲ್ಲಿ ಕಪ್ಪು ಗಟ್ಟಿಯಾಗಿ ಕಪ್ಪಾಗಿರುತ್ತದೆ, ರಾತ್ರಿ ಲೈಟ್ ಆರಿಸಿ ಸಿನಿಮಾ ನೋಡುವವರಿಗೆ ಚೆಂದ. ಆದರೆ ಪಕ್ಕದಿಂದ ನೋಡಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಐಪಿಎಸ್‌ನಲ್ಲಿ ಕಪ್ಪು ಸ್ವಲ್ಪ ಬೂದು, ಆದರೆ ಎಲ್ಲಿಂದ ನೋಡಿದರೂ ಬಣ್ಣ ಹೆಚ್ಚುಕಡಿಮೆ ಒಂದೇ ಥರ. ಡಬ್ಬದ ಮೇಲೆ ಇದನ್ನು ಬರೆದಿರುವುದು ಅಪರೂಪ. ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ಪ್ಯಾನೆಲ್ ಹಾಕುವುದೂ ಉಂಟು. ಹಾಗಾಗಿ ಕಣ್ಣಲ್ಲೇ ನೋಡಿ. ನೇರ ಎದುರು ನಿಂತು ಫೋಟೋದಲ್ಲಿ ಮುಖದ ಬಣ್ಣ ನೋಡಿ, ಆಮೇಲೆ ಮೂರು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ನೋಡಿ.

ನಮ್ಮ ಮನೆಗೆ ಇದೇ ಮುಖ್ಯವಾಯಿತು. ಅಜ್ಜಿ ಕೂರುವುದು ಕಿಟಕಿ ಪಕ್ಕದ ಮೂಲೆಯ ಕುರ್ಚಿಯಲ್ಲಿ. ಅಲ್ಲಿಂದ ಟಿವಿ ಓರೆಗೆ ಕಾಣುತ್ತದೆ. ಮೊದಲು ಇಷ್ಟವಾಗಿದ್ದ ಟಿವಿಯಲ್ಲಿ ಆ ಓರೆಯಿಂದ ನೋಡಿದಾಗ ಅಮ್ಮನ ಹಸಿರು ಸೀರೆ ತೊಳೆದು ತೊಳೆದು ಮಾಸಿದ ಹಾಗೆ ಕಂಡಿತು. ಅದನ್ನು ಅಲ್ಲೇ ಬಿಟ್ಟೆ.

ಡಬ್ಬದ ಮೇಲಿನ ಪದಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಎಚ್‌ಡಿಆರ್ (ಬೆಳಕು-ನೆರಳು ಎರಡನ್ನೂ ಹೆಚ್ಚು ಸ್ಪಷ್ಟವಾಗಿ ತೋರಿಸುವ ವಿಧಾನ) ಚೆನ್ನಾಗಿ ಕಾಣಬೇಕಾದರೆ ಪರದೆಗೆ ತುಂಬಾ ಬೆಳಕಿರಬೇಕು, ಈ ಬೆಲೆಯಲ್ಲಿ ಅಷ್ಟು ಬೆಳಕಿರುವುದಿಲ್ಲ. ಕ್ಯೂಎಲ್‌ಇಡಿ ಅಂದರೆ ಬಣ್ಣ ಹೆಚ್ಚಿಸುವ ಒಂದು ಪದರ ಸೇರಿಸಿದ ಎಲ್‌ಇಡಿ ಟಿವಿಯೇ, ಓಎಲ್‌ಇಡಿ ಅಲ್ಲ. 'ಎ ಪ್ಲಸ್ ಗ್ರೇಡ್ ಪ್ಯಾನೆಲ್' ಅನ್ನೋದು ಮಾರುವವರು ಕೊಡುವ ಹೆಸರು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ದುಡ್ಡು ಕೊಡಬೇಡಿ.

ಸ್ಮಾರ್ಟ್ ಆಮೇಲೂ ಬರುತ್ತೆ

ಅಗ್ಗದ ಟಿವಿಯ ಸ್ಮಾರ್ಟ್ ಭಾಗ ಎರಡು ಮೂರು ವರ್ಷಕ್ಕೆ ನಿಧಾನವಾಗುತ್ತದೆ. ರಿಮೋಟ್ ಒತ್ತಿದರೆ ಮೆನು ಬರಲು ಕಾಯಬೇಕು. ಆದರೆ ಇದಕ್ಕೆ ಹೆದರಬೇಕಿಲ್ಲ. ಮೂರರಿಂದ ಐದು ಸಾವಿರಕ್ಕೆ ಒಂದು ಸ್ಟ್ರೀಮಿಂಗ್ ಸ್ಟಿಕ್ (ಎಚ್‌ಡಿಎಂಐ ತೂತಿಗೆ ಹಾಕುವ, ಆ್ಯಪ್ ಓಡಿಸುವ ಪುಟ್ಟ ಸಾಧನ) ತಂದು ಹಿಂದೆ ಸಿಕ್ಕಿಸಿದರೆ ಟಿವಿ ಮತ್ತೆ ಹೊಸದು. ಪ್ಯಾನೆಲ್‌ಗೆ ಈ ಸೌಲಭ್ಯ ಇಲ್ಲ. ಹಾಗಾಗಿ ಎರಡು ಟಿವಿಗಳಲ್ಲಿ ಒಂದರ ಪ್ಯಾನೆಲ್ ಚೆನ್ನಾಗಿದ್ದು, ಇನ್ನೊಂದರ ಆ್ಯಪ್‌ಗಳು ಚೆನ್ನಾಗಿದ್ದರೆ, ಕಣ್ಣು ಮುಚ್ಚಿ ಮೊದಲನೆಯದನ್ನು ಆರಿಸಿ.

ಗೂಗಲ್ ಟಿವಿ, ಫೈರ್ ಟಿವಿ, ವೆಬ್‌ಓಎಸ್, ಟೈಜನ್, ಟಿವಿ ನಡೆಸುವ ಈ ಸಾಫ್ಟ್‌ವೇರ್‌ಗಳಲ್ಲಿ ಯಾವುದಿದ್ದರೂ ಮನೆ ಬಳಕೆಗೆ ನಡೆಯುತ್ತದೆ. ಹುಷಾರಾಗಿರಬೇಕಾದ್ದು ಬರೀ 'ಆಂಡ್ರಾಯ್ಡ್ ಸ್ಮಾರ್ಟ್ ಟಿವಿ' ಅಂತ ಬರೆದು ಮಾರುವ ಕೆಲವು ಅಗ್ಗದ ಟಿವಿಗಳ ಬಗ್ಗೆ. ಅದರಲ್ಲಿ ಇರುವುದು ಟಿವಿಗೆ ಮಾಡಿದ ಆಂಡ್ರಾಯ್ಡ್ ಅಲ್ಲ, ಫೋನಿನದನ್ನೇ ತಂದು ಕೂರಿಸಿರುತ್ತಾರೆ. ಆ್ಯಪ್‌ಗಳು ಫೋನಿನ ಥರ ತೆರೆದುಕೊಳ್ಳುತ್ತವೆ, ರಿಮೋಟ್‌ನಲ್ಲಿ ಬಾಣದ ಗುರುತು ಓಡಿಸಿ ಒತ್ತಬೇಕು. ಅಂಗಡಿಯಲ್ಲೇ ಯೂಟ್ಯೂಬ್, ನೆಟ್‌ಫ್ಲಿಕ್ಸ್ ತೆರೆಸಿ ನೋಡಿದರೆ ಗೊತ್ತಾಗಿಬಿಡುತ್ತದೆ. 43 ಇಂಚಿಗೆ 2 ಜಿಬಿ ರ‍್ಯಾಮ್ ಇರಲಿ. ವೈಫೈ 5 ಗಿಗಾಹರ್ಟ್ಸ್ ಹಿಡಿಯಲಿ. ಎಚ್‌ಡಿಎಂಐ ತೂತು ಮೂರಿದ್ದರೆ ಒಳ್ಳೆಯದು: ಒಂದು ಸೆಟ್‌ಟಾಪ್ ಬಾಕ್ಸ್‌ಗೆ, ಒಂದು ಸೌಂಡ್‌ಬಾರ್‌ಗೆ, ಒಂದು ಮುಂದೆ ಬರುವ ಸ್ಟಿಕ್‌ಗೆ.

55 ಇಂಚಿನ ಆಸೆ

ನಮ್ಮ ಒಂಬತ್ತು ಅಡಿ ದೂರಕ್ಕೆ ನಿಜ ಹೇಳಬೇಕೆಂದರೆ 55 ಇಂಚು ಚೆನ್ನಾಗಿ ಹೊಂದುತ್ತಿತ್ತು. ಪೇಪರ್ ಅಂಟಿಸಿದಾಗ ಅಣ್ಣನ ಮಕ್ಕಳು ಅದನ್ನೇ ಹಿಡಿದರು. 24 ಸಾವಿರಕ್ಕೆ ಒಂದು ಸಿಗುತ್ತಲೂ ಇತ್ತು. ನಾನು ಬೇಡ ಅಂದಿದ್ದು ಸರ್ವಿಸ್ ಕಾರಣಕ್ಕೆ ಮಾತ್ರ.

ಪರದೆ ದೊಡ್ಡದಾದಷ್ಟೂ ಅದರ ಹಿಂದಿನ ಎಲ್‌ಇಡಿ ಪಟ್ಟಿಗಳು ಜಾಸ್ತಿ, ಸಾಗಿಸುವಾಗ ಪೆಟ್ಟಾಗುವ ಭಯ ಜಾಸ್ತಿ. ಎಲ್‌ಇಡಿ ಪಟ್ಟಿ ಸುಟ್ಟರೆ ಊರಿನ ಮೆಕ್ಯಾನಿಕ್ಕೇ ಬದಲಿಸುತ್ತಾರೆ. ಪ್ಯಾನೆಲ್ ಹೋದರೆ ಕಂಪನಿಯೇ ಬರಬೇಕು. ಹಾಗಾಗಿ ತೆಗೆದುಕೊಳ್ಳುವ ಮುಂಚೆ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ನಿಮ್ಮ ಮನೆಯ ಪಿನ್‌ಕೋಡ್ ಹೇಳಿ, ಮನೆಗೇ ಬಂದು ರಿಪೇರಿ ಮಾಡುತ್ತಾರಾ ಅಂತ ಕೇಳಿ. ನಗರದ ಪಿನ್‌ಕೋಡ್ ಹೇಳಬೇಡಿ, ಟಿವಿ ಇರುವ ಊರಿನದನ್ನೇ ಹೇಳಿ. ನಾನು ಐದು ಕಂಪನಿಗೆ ಹೀಗೆ ಫೋನ್ ಮಾಡಿದೆ, ಎರಡು ಕಂಪನಿಯವರು ಮಾತ್ರ ಹ್ಞೂಂ ಅಂದರು. ಆಮೇಲೆ ನಮ್ಮ ಮೆಕ್ಯಾನಿಕ್‌ನನ್ನೂ ಕೇಳಿದೆ, ಯಾವ ಕಂಪನಿಯ ಸ್ಪೇರ್ ಸುಲಭವಾಗಿ ಸಿಗುತ್ತೆ ಅಂತ. ಅವನು ಹೇಳಿದ ಹೆಸರುಗಳಲ್ಲಿ ಆ ಎರಡೂ ಇದ್ದವು. ನನ್ನ ಪಟ್ಟಿ ಅಲ್ಲಿಗೆ ಚಿಕ್ಕದಾಯಿತು.

ವಾರಂಟಿ ಕೇಳುವಾಗ "ಪ್ಯಾನೆಲ್‌ಗೆ ಎಷ್ಟು ವರ್ಷ?" ಅಂತ ಬೇರೆಯಾಗಿ ಕೇಳಿ. ಕೆಲವು ಕಂಪನಿಗಳು ಟಿವಿಗೆ ಒಂದು ವರ್ಷ, ಪ್ಯಾನೆಲ್‌ಗೆ ಮಾತ್ರ ಇನ್ನೊಂದು ವರ್ಷ ಕೊಡುತ್ತವೆ. ದುಡ್ಡು ಕೊಟ್ಟು ವಾರಂಟಿ ಹೆಚ್ಚಿಸಿಕೊಳ್ಳುವುದಾದರೆ ಅದನ್ನು ಕೊಡುತ್ತಿರುವುದು ಟಿವಿ ಕಂಪನಿಯಾ, ಬೇರೆ ಯಾರೋ ಮಧ್ಯದವರಾ ಅಂತ ನೋಡಿಕೊಳ್ಳಿ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಅದಕ್ಕೆ ಸರಿಯಾದ ಬಿಲ್ ಬೇಕು. ಬಿಲ್ ಇಲ್ಲದೆ ಐನೂರು ಕಡಿಮೆಗೆ ಕೊಡ್ತೀನಿ ಅಂದರೆ ಒಪ್ಪಬೇಡಿ.

ಬಿಲ್‌ನಲ್ಲಿ ನೋಡಬೇಕಾದ್ದು

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿಯಿತು. ತೆರಿಗೆ ಬಿಟ್ಟು 20,000 ಇರುವ ಟಿವಿ ಮೊದಲು 25,600 ಬೀಳುತ್ತಿತ್ತು, ಈಗ 23,600. ನಮ್ಮ ಬಜೆಟ್‌ಗೆ 43 ಇಂಚಿನ 4ಕೆ ಸಿಗುವುದಕ್ಕೆ ಇದೂ ಒಂದು ಕಾರಣ. 32 ಇಂಚು ಮತ್ತು ಅದಕ್ಕಿಂತ ಚಿಕ್ಕವು ಮೊದಲೇ 18 ಪರ್ಸೆಂಟ್‌ನಲ್ಲಿದ್ದವು, ಅವಕ್ಕೆ ಏನೂ ಬದಲಾಗಿಲ್ಲ. 32 ಇಂಚಿಗೂ "ಜಿಎಸ್‌ಟಿ ಇಳಿದಿದೆ, ಅದಕ್ಕೇ ಈ ಆಫರ್" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬಡ್ಡಿಯಿಲ್ಲದ ಇಎಂಐ ಅಂದಾಗ ಮೊದಲು ಪೂರ್ತಿ ಕ್ಯಾಶ್ ಕೊಟ್ಟರೆ ಎಷ್ಟು ಅಂತ ಕೇಳಿ. ಎಷ್ಟೋ ಸಲ ಕ್ಯಾಶ್‌ಗೆ ಸಿಗುವ ರಿಯಾಯಿತಿ ಇಎಂಐಗೆ ಸಿಗುವುದಿಲ್ಲ. ಕ್ರೆಡಿಟ್ ಕಾರ್ಡ್‌ನಲ್ಲಾದರೆ ಬಡ್ಡಿ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಫೀ ಬೇರೆ ಬರುತ್ತದೆ.

ಕರೆಂಟ್ ಖರ್ಚು ದೊಡ್ಡದೇನಲ್ಲ. 80 ವ್ಯಾಟ್‌ನ 43 ಇಂಚಿನ ಟಿವಿ ದಿನಕ್ಕೆ ಐದು ಗಂಟೆ ನಡೆದರೆ ತಿಂಗಳಿಗೆ 12 ಯೂನಿಟ್. ಗೃಹಜ್ಯೋತಿಯಲ್ಲಿ ನಿಮಗೆ ಸಿಗುವ ಯೂನಿಟ್‌ನ ಅಂಚಿನಲ್ಲೇ ಇದ್ದರೆ ಮಾತ್ರ ಸ್ವಲ್ಪ ನೋಡಿಕೊಳ್ಳಿ.

ಮನೆಗೆ ಬಂದ ಮೇಲೆ

ಕೊನೆಗೆ ತಂದಿದ್ದು 43 ಇಂಚಿನ 4ಕೆ, ಐಪಿಎಸ್ ಪ್ಯಾನೆಲ್, 22,900 ರೂಪಾಯಿ. ಜೀಪಿನಲ್ಲಿ ಡಬ್ಬವನ್ನು ನಿಲ್ಲಿಸಿಯೇ ತಂದೆವು. ಟಿವಿಯನ್ನು ಮಲಗಿಸಿ ಸಾಗಿಸಿದರೆ ಹೊಂಡ ಹತ್ತಿಳಿಯುವಾಗ ಗಾಜು ಬಿರಿಯಬಹುದು. ಡಬ್ಬ ತೆರೆಯುವುದರಿಂದ ಹಿಡಿದು ಟಿವಿ ಆನ್ ಆಗುವವರೆಗೆ ಫೋನಿನಲ್ಲಿ ವಿಡಿಯೋ ಮಾಡಿದೆ. ಆನ್ಲೈನ್‌ನಲ್ಲಿ ತರಿಸಿದರಂತೂ ಇದನ್ನು ಬಿಡಲೇಬೇಡಿ.

ಗೋಡೆಗೆ ಹಾಕಲಿಲ್ಲ, ಹಳೇ ಮರದ ಮೇಜಿನ ಮೇಲೇ ಇಟ್ಟೆವು. ಗೋಡೆಗೆ ಹಾಕುವುದಾದರೂ ಬಾಗಿಲಿನ ಎತ್ತರಕ್ಕೆ ಹಾಕಬೇಡಿ. ಕೂತಾಗ ಕಣ್ಣಿನ ಮಟ್ಟಕ್ಕೆ ಪರದೆಯ ಮಧ್ಯ ಬಂದರೆ ಕುತ್ತಿಗೆಗೂ ಒಳ್ಳೆಯದು, ಚಿತ್ರಕ್ಕೂ ಒಳ್ಳೆಯದು. ಅಂಗಳದ ಬೆಳಕು ಪರದೆ ಮೇಲೆ ಹೊಳೆಯುತ್ತಿತ್ತು, ಮೇಜನ್ನು ಒಂದಡಿ ತಿರುಗಿಸಿದ ಮೇಲೆ ಸರಿಹೋಯಿತು. ಪಿಕ್ಚರ್ ಮೋಡ್ ಸಿನಿಮಾಕ್ಕೆ ಹಾಕಿ, ಬ್ಯಾಕ್‌ಲೈಟ್ 100 ಇದ್ದದ್ದನ್ನು 65ಕ್ಕೆ ಇಳಿಸಿದೆ. ಸದಾ ನೂರರಲ್ಲೇ ಓಡಿಸಿದರೆ ಎಲ್‌ಇಡಿ ಪಟ್ಟಿಗಳು ಬೇಗ ಸಾಯುತ್ತವೆ. ಮೊದಲ ದಿನ "ಯಾಕೋ ಮಂಕು" ಅಂದ ಅಮ್ಮ, ಮೂರನೇ ದಿನಕ್ಕೆ "ಈಗ ಕಣ್ಣು ಉರಿಯಲ್ಲ" ಅಂದಳು. ಅಜ್ಜಿಯ ಕುರ್ಚಿ ಅದೇ ಮೂಲೆಯಲ್ಲಿದೆ.

ಮಲೆನಾಡಿನಲ್ಲಿ ಏಪ್ರಿಲ್-ಮೇ ಬಂದರೆ ಸಿಡಿಲಿನ ಕಾಟ. ಸ್ಪೈಕ್ ಗಾರ್ಡ್ ಹಾಕಿದ್ದೇವೆ, ಆದರೆ ಹತ್ತಿರ ಹೊಡೆಯುವ ಸಿಡಿಲಿಗೆ ಅದು ಸಾಕಾಗುವುದಿಲ್ಲ. ಪ್ಲಗ್ ತೆಗೆದರೂ ಮಾಡಿನ ಮೇಲಿನ ಡಿಶ್‌ನಿಂದ ಬರುವ ವೈರ್ ಹಾಗೇ ಇದ್ದರೆ, ಸಿಡಿಲಿನ ಕರೆಂಟ್ ಸೆಟ್‌ಟಾಪ್ ಬಾಕ್ಸ್‌ಗೆ ಬಂದು, ಅಲ್ಲಿಂದ ಎಚ್‌ಡಿಎಂಐ ವೈರ್ ಹಿಡಿದು ಟಿವಿಯ ಬೋರ್ಡ್‌ಗೇ ಹೋಗುತ್ತದೆ. ಈಗ ಮೋಡ ಕಟ್ಟಿದ ಕೂಡಲೇ, ಗುಡುಗು ಶುರುವಾಗುವ ಮುಂಚೆಯೇ ಅಮ್ಮ ಎರಡೂ ಪ್ಲಗ್ ತೆಗೆದು, ಬಾಕ್ಸ್‌ನ ಹಿಂದಿನ ಡಿಶ್ ವೈರ್ ತಿರುಪು ಬಿಚ್ಚಿ, ಕಿಟಕಿಯ ಸರಳಿಗೆ ನೇತುಹಾಕಿಬಿಡುತ್ತಾಳೆ.